ಒರಳುಕಲ್ಲಿನ ಕಾರಂಜಿ ಕೈಕೊಟ್ಟಾಗ: ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಹಳೆ ಮನೆ ಕೆಡವುವಾಗ ತೊಲೆ, ಬಾಗಿಲು, ಮಂಗಳೂರು ಹೆಂಚು ಎಲ್ಲಕ್ಕೂ ಗಿರಾಕಿ ಸಿಗುತ್ತಾರೆ. ಒರಳುಕಲ್ಲನ್ನು ಕೇಳುವವರಿಲ್ಲ, ಮಿಕ್ಸಿ ಬಂದ ಮೇಲೆ ಅದು ಹಿತ್ತಲ ಬಾಳೆ ಬುಡ ಸೇರಿದೆ. ಅದನ್ನು ತಂದು ತೊಳೆದು, ಮೇಲೊಂದು ಬಿದಿರಿನ ದಂಬೆ (ನೀರು ಹರಿಯುವ ದೋಣಿ) ಬಾಗಿಸಿ, ಸಣ್ಣಗೆ ನೀರು ಬೀಳುವ ಹಾಗೆ ಮಾಡಿಕೊಟ್ಟರೆ ಗೃಹಪ್ರವೇಶಕ್ಕೆ ಚೆಂದದ ಉಡುಗೊರೆ. ತಿಂಗಳು ಕಳೆಯುವುದರೊಳಗೆ ಫೋನು ಬರುವುದೂ ಅಷ್ಟೇ ಖಂಡಿತ: "ಅದು ನಿಂತೋಗದೆ ಕಣಣ್ಣ, ಪಂಪು ಸುಟ್ಟೋಗಿರ್ಬೇಕು."

ಸುಟ್ಟಿರುವುದಿಲ್ಲ. ಇಡೀ ಜೋಡಣೆಯಲ್ಲಿ ಅಂಗಡಿಯಿಂದ ಹೊಸದಾಗಿ ಬಂದದ್ದು ಪಂಪೊಂದೇ, ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲೆ. ಉಳಿದದ್ದೆಲ್ಲ ಇನ್ನೊಂದು ಕೆಲಸ ಮಾಡಿ ದಣಿದು ಬಂದ ಸಾಮಾನು. ಒರಳಿನಲ್ಲಿ ಹಳೆ ಬಿರುಕಿರುತ್ತದೆ, ಬಕೆಟ್ಟಿನಲ್ಲಿ ಒಣಗಿದ ಪೇಂಟಿರುತ್ತದೆ, ಬಿದಿರಿನಲ್ಲಿ ಪಿಷ್ಟ, ಅಡಾಪ್ಟರಿನಲ್ಲಿ ಸತ್ತ ಕೆಪಾಸಿಟರು. ದೋಷ ಹುಡುಕುವಾಗ ಹಳೆಯದರಿಂದ ಶುರುಮಾಡಿ, ಪಂಪಿಗೆ ಕೊನೆಯಲ್ಲಿ ಬನ್ನಿ.

ಯಾವ ಜೋಡಣೆಗೆ ಈ ಕೈಪಿಡಿ

ಸುಮಾರು 60–90 ಕೆಜಿ ತೂಕದ ಗ್ರಾನೈಟ್ ಒರಳು, ಗುಂಡಿಯಲ್ಲಿ 2–3 ಲೀಟರ್ ನೀರು ಹಿಡಿಯುವಂಥದ್ದು. ಅದರ ಪಕ್ಕದಲ್ಲಿ (ಅಡಿಯಲ್ಲಲ್ಲ, ಪಕ್ಕದಲ್ಲಿ) ನೆಲಕ್ಕೆ ಹೂತ 20 ಲೀಟರಿನ ಪೇಂಟ್ ಬಕೆಟ್ಟು. ಒರಳಿನ ಬುಡದಿಂದ ಬಕೆಟ್ಟಿನ ಬಾಯಿವರೆಗೆ ಇಳಿಜಾರಾಗಿ ಹಾಸಿದ, 4 ಅಡಿ ಚದರದ ಹಳೆ ಸಿಲ್ಪಾಲಿನ್. ಕಾಫಿ ಒಣಗಿಸಿ ಸಾಕಾದ ಶೀಟು ಎಸ್ಟೇಟ್ ಕಡೆ ಬೇಕಾದಷ್ಟು ಸಿಗುತ್ತದೆ. ಶೀಟಿನ ಮೇಲೆ ಹೊಳೆಗಲ್ಲು. ಬಕೆಟ್ಟಿನೊಳಗೆ 12 ವೋಲ್ಟಿನ ಸಣ್ಣ ಡಿಸಿ ಪಂಪು: ಮೈಮೇಲೆ "ಗಂಟೆಗೆ 240 ಲೀಟರ್, ಎತ್ತರ 3 ಮೀಟರ್" ಎಂದಿರುವ, ಸುಮಾರು 5 ವಾಟಿನದು. 8 ಮಿ.ಮೀ. ಒಳವ್ಯಾಸದ ಪೈಪು ಬಿದಿರಿನ ಕಂಬದೊಳಗೆ ಹತ್ತಿ, ದಂಬೆಯ ಮೂಲಕ ಒರಳಿನ ಗುಂಡಿಗೆ ನೀರು ಬಿಡುತ್ತದೆ. ಗುಂಡಿ ತುಂಬಿ, ಒರಳಿನ ಮೈಮೇಲೆ ಹರಿದು, ಶೀಟಿಗೆ ಇಳಿದು, ಬಕೆಟ್ಟಿಗೆ ವಾಪಸು. ವಿದ್ಯುತ್ತಿಗೆ ಹಳೆ ವೈಫೈ ರೂಟರಿನ 12 ವೋಲ್ಟ್, 1 ಆಂಪಿಯರ್ ಅಡಾಪ್ಟರು. ಅದರ ಜಾಗ ಮನೆಯ ಒಳಗೆ. ಹೊರಗೆ ಬರುವುದು 12 ವೋಲ್ಟಿನ ವೈರು ಮಾತ್ರ.

ಕೂಲರಿನ 230 ವೋಲ್ಟ್ ಪಂಪು ಅಗ್ಗ, ನೀರನ್ನೂ ಜೋರಾಗಿ ಎಸೆಯುತ್ತದೆ. ಆದರೆ ಮಕ್ಕಳು ಕೈಯಾಡಿಸುವ ನೀರಿಗೆ ಅದನ್ನು ಇಳಿಸಿ ಉಡುಗೊರೆ ಕೊಡಬಾರದು. ಈಗಾಗಲೇ ಅದೇ ಇದ್ದರೆ, ಮುಂದಿನ ಯಾವುದೇ ಪರೀಕ್ಷೆಗೆ ಮೊದಲು ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ. ಸ್ವಿಚ್ಚು ಆರಿಸಿದರೆ ಸಾಲದು. ಹಳೆ ವೈರಿಂಗಿನಲ್ಲಿ ಸ್ವಿಚ್ಚು ಎಷ್ಟೋ ಸಲ ನ್ಯೂಟ್ರಲ್ಲಿನಲ್ಲಿ ಕೂತಿರುತ್ತದೆ, ಆರಿಸಿದರೂ ಪಂಪಿಗೆ ಕರೆಂಟಿನ ಸಂಪರ್ಕ ಉಳಿದಿರುತ್ತದೆ.

ಏನನ್ನೂ ಬಿಚ್ಚುವ ಮೊದಲು

ಪರೀಕ್ಷೆ ಮೂರೇ. ಇವನ್ನು ಬಿಟ್ಟು ನೇರವಾಗಿ ಸ್ಕ್ರೂಡ್ರೈವರ್ ಹಿಡಿದವರು ಸರಿ ಇದ್ದದ್ದನ್ನೂ ಕೆಡಿಸುತ್ತಾರೆ.

ಮೊದಲನೆಯದು ಬೇರೆ ಬಕೆಟ್ಟಿನ ಪರೀಕ್ಷೆ. ಪಂಪನ್ನು ಮೇಲೆತ್ತಿ, ಉದ್ದದ ಪೈಪು ಕಳಚಿ, ಒಂದು ಗೇಣಿನ ಪೈಪು ಸಿಕ್ಕಿಸಿ, ಶುದ್ಧ ನೀರಿನ ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿ ಚಾಲೂ ಮಾಡಿ. ನೀರು ಚಿಮ್ಮಿತೋ, ಪಂಪೂ ಅಡಾಪ್ಟರೂ ಸರಿ ಇವೆ. ದೋಷ ಪೈಪು, ಬಿದಿರು, ಇಲ್ಲವೇ ನೀರಿನ ಮಟ್ಟದಲ್ಲಿದೆ. ಚಿಮ್ಮದಿದ್ದರೆ ಪಂಪು ಮತ್ತು ಕರೆಂಟಿನ ಕಡೆ ನೋಡಿ.

ಎರಡನೆಯದು ಲೀಟರ್ ಪರೀಕ್ಷೆ. ದಂಬೆಯ ಬಾಯಿಗೆ ಒಂದು ಲೀಟರಿನ ಜಗ್ಗು ಹಿಡಿದು ತುಂಬುವ ಸಮಯ ನೋಡಿ. 240 ಲೀಟರ್ ಎಂದರೆ ಎತ್ತರವೇ ಇಲ್ಲದಿದ್ದಾಗಿನ ಲೆಕ್ಕ, ಆಗ ಲೀಟರಿಗೆ 15 ಸೆಕೆಂಡು. 3 ಮೀಟರ್ ಎಂದರೆ ಹರಿವು ಪೂರಾ ನಿಂತುಹೋಗುವ ಎತ್ತರ. ಬಕೆಟ್ಟಿನ ನೀರಿನಿಂದ ದಂಬೆ 1 ಮೀಟರ್ ಮೇಲಿದ್ದರೆ ಹರಿವು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಪೈಪಿನ ತಿಕ್ಕಾಟವೂ ಸೇರಿ ಲೀಟರಿಗೆ 22–28 ಸೆಕೆಂಡು ಹಿಡಿದರೆ ಆರೋಗ್ಯವಾಗಿದೆ. 40 ದಾಟಿದರೆ ಎಲ್ಲೋ ಕಟ್ಟಿಕೊಂಡಿದೆ. ಉಡುಗೊರೆ ಕೊಡುವ ದಿನವೇ ಈ ಸಂಖ್ಯೆಯನ್ನು ಬಕೆಟ್ಟಿನ ಮುಚ್ಚಳದ ಒಳಮೈಗೆ ಬರೆದಿಟ್ಟರೆ ಆಮೇಲೆ ಫೋನಿನಲ್ಲೇ ಅರ್ಧ ದೋಷ ಹಿಡಿಯಬಹುದು.

ಮೂರನೆಯದು ಗೆರೆ ಪರೀಕ್ಷೆ, ನೀರು ಸೋರುತ್ತಿದೆ ಎಂಬ ದೂರಿಗೆ. ಅದು ಮುಂದೆ ಬರುತ್ತದೆ.

"ನೀರೇ ಬರ್ತಿಲ್ಲ"

ಪಂಪಿನ ಮೇಲೆ ಕೈಯಿಟ್ಟು ನೋಡಿ. ಸಣ್ಣಗೆ ನಡುಗುತ್ತಿದೆಯೇ, ಸತ್ತಂತಿದೆಯೇ? ಈ ಎರಡಕ್ಕೂ ದಾರಿ ಬೇರೆ ಬೇರೆ.

ನಡುಗುತ್ತಿದ್ದೂ ನೀರು ಬಾರದಿದ್ದರೆ ಮೊದಲ ಅನುಮಾನ ಗಾಳಿಯ ಮೇಲೆ. ಖಾಲಿ ಬಕೆಟ್ಟಿನಲ್ಲಿ ಪಂಪು ಇಟ್ಟು ಆಮೇಲೆ ನೀರು ಸುರಿದರೆ, ರೆಕ್ಕೆ ತಿರುಗುವ ಕೋಣೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಈ ಪಂಪುಗಳಿಗೆ ಗಾಳಿಯನ್ನು ತಳ್ಳುವ ಶಕ್ತಿ ಇಲ್ಲ. ಪಂಪನ್ನು ನೀರಿನೊಳಗೇ ಓರೆ ಮಾಡಿ ಅಲ್ಲಾಡಿಸಿ. ಗುಳ್ಳೆ ಬುಳಕ್ಕನೆ ಮೇಲೆ ಬಂದ ಕ್ಷಣವೇ ನೀರು ಹತ್ತುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಇದೇ ಕಾಟವಾದರೆ ಬಕೆಟ್ಟಿನಲ್ಲಿ ನೀರು ಕಡಿಮೆ ಇದೆ ಎಂದೇ ಅರ್ಥ.

ಇಲ್ಲೊಂದು ಲೆಕ್ಕ ಬಹಳ ಜನರಿಗೆ ತಪ್ಪುತ್ತದೆ. ಚೆಂದಕ್ಕೆಂದು ಬಕೆಟ್ಟಿನೊಳಗೂ ಹೊಳೆಗಲ್ಲು ತುಂಬುತ್ತಾರೆ. ಕಲ್ಲಿನ ಸಂದಿನಲ್ಲಿ ನಿಲ್ಲುವ ನೀರು ಒಟ್ಟು ಜಾಗದ ಹತ್ತರಲ್ಲಿ ನಾಲ್ಕು ಪಾಲು. 20 ಲೀಟರಿನ ಬಕೆಟ್ಟು ಎಂದುಕೊಂಡದ್ದು ನಿಜಕ್ಕೆ 8 ಲೀಟರು. ಅದರಲ್ಲಿ 2–3 ಲೀಟರ್ ಒರಳಿಗೆ, ಲೀಟರಿನಷ್ಟು ಶೀಟು ಮತ್ತು ಕಲ್ಲಿನ ಮೈಗೆ ಹೋದರೆ ಪಂಪಿನ ತಲೆಯ ಮೇಲೆ ಉಳಿಯುವುದು ನಾಲ್ಕು ಬೆರಳು ನೀರು. ಬಕೆಟ್ಟಿನೊಳಗೆ ಕಲ್ಲು ಬೇಡ. ಬಾಯಿಗೆ ಹಳೆ ಕಿಟಕಿಯ ಜಾಲರಿ ಕತ್ತರಿಸಿ ಮುಚ್ಚಿ, ಕಲ್ಲೇನಿದ್ದರೂ ಅದರ ಮೇಲೆ.

ಗಾಳಿಯಲ್ಲ, ನೀರೂ ಸಾಕಷ್ಟಿದೆ ಎಂದಾದರೆ ರೆಕ್ಕೆ ಸಿಕ್ಕಿಕೊಂಡಿದೆ. ಪಂಪಿನ ಮೂತಿಯ ಮುಚ್ಚಳ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಒಳಗೆ ಅಯಸ್ಕಾಂತ ಅಂಟಿದ ರೆಕ್ಕೆ, ಅದರ ನಡುವೆ ಬೆಂಕಿಕಡ್ಡಿಗಿಂತ ತುಸು ದಪ್ಪದ ಪಿಂಗಾಣಿ ಕಡ್ಡಿ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಅಯಸ್ಕಾಂತಕ್ಕೆ ಕರಿ ಪುಡಿ ಮೆತ್ತಿಕೊಂಡಿದ್ದರೆ ಅದು ಕಬ್ಬಿಣ: ಜೋಡಣೆಯಲ್ಲಿ ಬಳಸಿದ ಹಳೆ ಆಂಗಲ್ಲಿನ ತುಕ್ಕು, ಇಲ್ಲವೇ ತೊಳೆಯದ ಹೊಳೆ ಮರಳಿನ ಕಪ್ಪು ಕಣ. ಬ್ರಷ್ಷಿಗೆ ಬರದಿದ್ದರೆ ಗಟ್ಟಿ ಮೈದಾ ಹಿಟ್ಟಿನ ಉಂಡೆ ಒತ್ತಿ ಎತ್ತಿ, ಅಂಟಿಕೊಂಡು ಬರುತ್ತದೆ. ಆಂಗಲ್ಲಿಗೆ ರೆಡ್ ಆಕ್ಸೈಡ್ ಬಳಿಯದೆ ಪಂಪು ಮಾತ್ರ ತೊಳೆದಿಟ್ಟರೆ ಮತ್ತೆ ಅದೇ ಪಾಡು. ಪಿಂಗಾಣಿ ಕಡ್ಡಿ ಮುರಿದಿದ್ದರೆ ಆ ಪಂಪಿನ ಆಯಸ್ಸು ಮುಗಿಯಿತು. ನೀರಿಲ್ಲದೆ ಓಡಿದ ಪಂಪಿಗೆ ಆಗುವುದು ಇದೇ. ಆ ಕಡ್ಡಿಗೆ ನೀರೇ ಎಣ್ಣೆ.

ಪಂಪು ಸತ್ತಂತೆ ಇದ್ದರೆ ಮಲ್ಟಿಮೀಟರ್ ತೆಗೆಯಿರಿ. ಅಡಾಪ್ಟರಿನ ವೋಲ್ಟೇಜನ್ನು ಪಂಪು ಜೋಡಿಸಿದ ಸ್ಥಿತಿಯಲ್ಲೇ ಅಳೆಯಬೇಕು. ಬರಿದೇ ಅಳೆದರೆ ಹಾಳಾದ ಅಡಾಪ್ಟರೂ 12 ತೋರಿಸಿ ನಿಮ್ಮನ್ನು ಯಾಮಾರಿಸುತ್ತದೆ. ಭಾರ ಬಿದ್ದ ಕೂಡಲೇ 7ಕ್ಕೋ 8ಕ್ಕೋ ಕುಸಿಯುತ್ತದೆ. ಕಾರಣ ಒಳಗಿನ ಕೆಪಾಸಿಟರು: ತಲೆ ಚಪ್ಪಟೆ ಇರಬೇಕಾದದ್ದು ಉಬ್ಬಿರುತ್ತದೆ. ವರ್ಷಗಟ್ಟಲೆ ರೂಟರಿಗೆ ಹಗಲೂ ರಾತ್ರಿ ದುಡಿದ ಅಡಾಪ್ಟರು ತಾನೇ! ಪಂಪು ಸೆಕೆಂಡಿಗೊಮ್ಮೆ ಎದ್ದು ಬಿದ್ದು ಮಾಡುತ್ತಿದ್ದರೂ ಅನುಮಾನ ಇದರ ಮೇಲೆಯೇ. ಅಡಾಪ್ಟರ್ ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಬದಲಿಸಿ.

ಗುಜರಿಯಿಂದ ಅಡಾಪ್ಟರ್ ಆರಿಸುವಾಗ ಲೇಬಲ್ಲಿನ ಔಟ್‌ಪುಟ್ ಸಾಲನ್ನು ಓದಿ. 12 ವೋಲ್ಟಿನ ಪಕ್ಕದಲ್ಲಿ ನೇರ ಗೆರೆ, ಅದರ ಕೆಳಗೆ ಚುಕ್ಕೆಗೆರೆ ಇದ್ದರೆ ಡಿಸಿ. ಅಲೆಯ ಗುರುತಿದ್ದರೆ ಎಸಿ, ಈ ಪಂಪಿಗೆ ಬೇಡ. ಕೆಂಪು ವೈರು ಪ್ಲಸ್ಸಿಗೆ. ತಿರುಗುಮುರುಗಾದರೆ ಪಂಪು ತಿರುಗುವುದಿಲ್ಲ. ಕೆಲವುದರ ಒಳಗಿನ ಸರ್ಕ್ಯೂಟು ಸುಟ್ಟೂ ಹೋಗುತ್ತದೆ.

ಅಡಾಪ್ಟರಿನ ಬುಡದಲ್ಲಿ 12 ಇದೆ, ಪಂಪಿನ ಬುಡದಲ್ಲಿ 10 ಇದೆ ಎಂದಾದರೆ ವೈರು ತೆಳ್ಳಗಿದೆ. ಅಟ್ಟದ ಮೇಲಿದ್ದ ಹಳೆ ಟೆಲಿಫೋನ್ ವೈರನ್ನು 20 ಮೀಟರ್ ಎಳೆದರೆ, ಅದರ ಅರ್ಧ ಮಿ.ಮೀ. ತಂತಿಯಲ್ಲಿ ಹೋಗಿ ಬರುವ ದಾರಿಗೇ ಸುಮಾರು ಒಂದೂವರೆ ವೋಲ್ಟು ಸೋರಿಹೋಗುತ್ತದೆ. ಹಳೆ ಇಂಟರ್ನೆಟ್ ಕೇಬಲ್ಲಿನಲ್ಲಿ ಇಂಥ ಎಂಟು ತಂತಿ ಇರುತ್ತವೆ. ನಾಲ್ಕನ್ನು ಸೇರಿಸಿ ಪ್ಲಸ್ಸು, ನಾಲ್ಕನ್ನು ಸೇರಿಸಿ ಮೈನಸ್ಸು ಮಾಡಿದರೆ ಕೊರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಜಾಯಿಂಟು ಮಣ್ಣಿನೊಳಗೆ ಬೇಡವೇ ಬೇಡ. ಬರಿ ಇನ್ಸುಲೇಷನ್ ಟೇಪು ಸುತ್ತಿ ಹೂತ ಜಾಯಿಂಟಿಗೆ ಮೊದಲ ಮಳೆಯೇ ಕೊನೆ: ತಾಮ್ರ ಹಸಿರಾಗಿ, ಮುಟ್ಟಿದರೆ ಪುಡಿಯಾಗುತ್ತದೆ.

"ಬರ್ತದೆ, ಆದ್ರೆ ಸಣ್ಣಕೆ"

ಬೇರೆ ಬಕೆಟ್ಟಿನಲ್ಲಿ ಚೆನ್ನಾಗಿ ಚಿಮ್ಮಿ, ದಂಬೆಯಲ್ಲಿ ಮಾತ್ರ ಸಣ್ಣಗೆ ಬಂದರೆ ಪೈಪನ್ನು ಊದಿ ನೋಡಿ. ಬಿದಿರಿನ ಗಿಣ್ಣು ದಾಟುವಲ್ಲಿ ತೂತು ಬಿಗಿಯಾಗಿದ್ದು ಪೈಪು ಚಪ್ಪಟೆಯಾಗಿರುತ್ತದೆ, ಇಲ್ಲವೇ ಕಂಬದಿಂದ ದಂಬೆಗೆ ತಿರುಗುವಲ್ಲಿ ಮಡಿಚಿರುತ್ತದೆ. ಗಿಣ್ಣಿನ ತೂತು ಪೈಪಿನ ಹೊರವ್ಯಾಸಕ್ಕಿಂತ 4–5 ಮಿ.ಮೀ. ದೊಡ್ಡದಿರಲಿ, ತುದಿ ಕೆಂಪಗೆ ಕಾಯಿಸಿದ ಸರಳಿನಿಂದ ಗಿಣ್ಣು ಸುಟ್ಟರೆ ಸಲೀಸು. ತಿರುವಿಗೆ ಡ್ರಿಪ್ ಸಾಮಾನಿನ ಎಲ್ಬೋ ಹಾಕಿ.

ಪಂಪಿನಲ್ಲೇ ಹರಿವು ಕಡಿಮೆಯಾಗಿದ್ದರೆ ಅದು ನೀರೆಳೆಯುವ ಬಾಯಿಯ ಸ್ಪಂಜು ಕಟ್ಟಿದೆ. ಸಿಲ್ವರ್ ಓಕ್ ಮರದ ಕೆಳಗಿಟ್ಟವರಿಗೆ ಇದು ತಪ್ಪಿದ್ದಲ್ಲ. ಅದರ ಎಲೆ ಜರೀಗಿಡದ ಎಲೆಯ ಹಾಗೆ ಸೀಳುಸೀಳು, ಕೊಳೆತು ನಾರಾಗಿ ಸ್ಪಂಜಿನೊಳಗೆ ಹೆಣೆದುಕೊಳ್ಳುತ್ತದೆ. ಅಡಿಕೆ ದಂಬೆ ಬಳಸಿದ್ದರೆ ಒಳಗಿನ ಮೆದು ತಿರುಳು ಎಳೆಎಳೆಯಾಗಿ ಬಿಡುವುದೂ ಇಲ್ಲೇ ಬಂದು ಸೇರುತ್ತದೆ. ಆ ತಿರುಳನ್ನು ಕತ್ತಿಯಿಂದ ಕೆರೆದು ಗಟ್ಟಿ ಮೈಯಷ್ಟೇ ಉಳಿಸಿಕೊಳ್ಳಬೇಕಿತ್ತು. ಪಂಪನ್ನು ಈರುಳ್ಳಿ ಚೀಲದ ಬಲೆಯಲ್ಲಿ ಎರಡು ಸುತ್ತು ಸುತ್ತಿ, ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ತೊಳೆಯುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಬಿಳಿ ಸಿಪ್ಪೆ ಸಿಪ್ಪೆಯಾಗಿ ಸ್ಪಂಜಿನಲ್ಲಿ ಸಿಕ್ಕಿದ್ದು ಪೇಂಟು. ಬಕೆಟ್ಟಿನ ಗೋಡೆಗೆ ಒಣಗಿ ಹಿಡಿದಿದ್ದ ಎಮಲ್ಷನ್ನು ನೀರಿನಲ್ಲಿ ನೆಂದು ಬಿಟ್ಟುಕೊಂಡಿದೆ. ಬಕೆಟ್ಟು ಹೂಳುವ ಮೊದಲೇ ಬಿಸಿಲಿಗಿಟ್ಟು ಒಣಗಿಸಿದರೆ ಹಾಳೆಯಂತೆ ಸುಲಿದು ಬರುತ್ತದೆ. ಈಗಾದರೂ ಕಿತ್ತು ಸುಲಿಯಿರಿ.

ಕಡೂರು, ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಇನ್ನೊಂದು ಕಾರಣ ಸೇರುತ್ತದೆ: ರೆಕ್ಕೆಗೂ ಪಿಂಗಾಣಿ ಕಡ್ಡಿಗೂ ಬಿಳಿ ಸುಣ್ಣದ ಪದರ. ಒಂದು ಲೀಟರ್ ನೀರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಪಂಪನ್ನು ಅದರಲ್ಲಿ ಅರ್ಧ ಗಂಟೆ ಓಡಿಸಿ, ಆಮೇಲೆ ಬರಿ ನೀರಿನಲ್ಲಿ ಓಡಿಸಿ. ಈ ನೀರನ್ನು ಸಿಮೆಂಟು ಬೆಸುಗೆ ಇರುವ ಜಾಗಕ್ಕೆ ಚೆಲ್ಲಬೇಡಿ, ತಿಂದುಹಾಕುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಮೆದು ನೀರಿಗೆ ಈ ತೊಂದರೆ ಕಡಿಮೆ. ಅಂಥ ಕಡೆ ಬಾವಿ ನೀರಿನಲ್ಲಿ ಕಬ್ಬಿಣವಿದ್ದರೆ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತದೆ. ಅದು ಬ್ರಷ್ಷಿಗೇ ಹೋಗುತ್ತದೆ. ಎರಡೂ ಕಡೆಯವರು ಸಂಗ್ರಹಿಸಿದ ಮಳೆನೀರು ತುಂಬಿಸಿದರೆ ಸುಖ.

"ದಿನಾ ಒಂದು ಬಿಂದಿಗೆ ನೀರು ಕುಡೀತದೆ"

ಅತಿ ಹೆಚ್ಚು ತಲೆ ತಿನ್ನುವ ದೋಷ ಇದೇ, ಏಕೆಂದರೆ ನೀರು ಹೋದ ದಾರಿ ಕಾಣುವುದಿಲ್ಲ. ಒಂದಷ್ಟು ನೀರು ಆವಿಯಾಗುವುದು ಸಹಜ: ಮಾರ್ಚ್–ಏಪ್ರಿಲ್‌ನಲ್ಲಿ ಅರ್ಧ ಚದರ ಮೀಟರ್ ಮೈ ಒದ್ದೆಯಾಗಿದ್ದರೆ ದಿನಕ್ಕೆ 2–3 ಲೀಟರ್ ಹೋದೀತು. ಅದಕ್ಕಿಂತ ಹೆಚ್ಚಾದರೆ ಸೋರಿಕೆ.

ಗೆರೆ ಪರೀಕ್ಷೆ ಹೀಗೆ. ಸಂಜೆ ಪಂಪು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಬಕೆಟ್ಟಿನಲ್ಲಿ ಒಂದು ಗೆರೆ, ಒರಳಿನ ಗುಂಡಿಯಲ್ಲಿ ಒಂದು ಗೆರೆ ಹಾಕಿ. ಬೆಳಿಗ್ಗೆ ನೋಡಿ. ಬಕೆಟ್ಟಿನ ಮಟ್ಟ ಇಳಿದಿದ್ದರೆ ಬಕೆಟ್ಟೇ ತೂತು. ಗುಂಡಿಯ ಮಟ್ಟ ಇಳಿದಿದ್ದರೆ ಒರಳು ಬಿರುಕು. ಎರಡೂ ಇದ್ದಲ್ಲೇ ಇದ್ದು, ಹಗಲು ಪಂಪು ಓಡುವಾಗ ಮಾತ್ರ ಕಡಿಮೆಯಾಗುತ್ತಿದ್ದರೆ ನೀರು ಹೋಗುತ್ತಿರುವುದು ದಾರಿಯಲ್ಲಿ: ದಂಬೆ, ಕಲ್ಲಿನ ಅಂಚು ಅಥವಾ ಶೀಟು. ಹೆಚ್ಚಿನ ಸಲ ನೀರು ಹೋಗುವುದು ಹೀಗೆ ದಾರಿಯಲ್ಲೇ.

ದಂಬೆಯ ಬಾಯಿಯನ್ನು ಬಗ್ಗಿ ಅಡಿಯಿಂದ ನೋಡಿ. ಹರಿವು ಸಣ್ಣದಾದಾಗ ನೀರು ತುದಿಯಿಂದ ಜಿಗಿಯದೆ ಬಿದಿರಿನ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಹರಿದು, ಕಂಬದ ಗುಂಟ ಇಳಿದು ಮಣ್ಣು ಸೇರುತ್ತಿರುತ್ತದೆ. ತುದಿಯನ್ನು ಓರೆಯಾಗಿ, ಕೆಳತುಟಿ ಮುಂದೆ ಬರುವಂತೆ ಕತ್ತರಿಸಿ. ತುದಿಯಿಂದ ಒಂದು ಬೆರಳು ಹಿಂದೆ, ಹೊಟ್ಟೆಯ ಕಡೆ, ಗರಗಸದಿಂದ 2 ಮಿ.ಮೀ. ಆಳದ ಅಡ್ಡಗೀರು ಹಾಕಿ. ಹಿಂದೆ ಬರುವ ನೀರು ಆ ಗೀರಿಗೆ ಬಂದು ತೊಟ್ಟಿಕ್ಕುತ್ತದೆ. ದಂಬೆಗೆ ಅಡಿಗೆ ಒಂದು ಇಂಚಿನಷ್ಟು ಇಳಿಜಾರೂ ಇರಲಿ.

ಆಮೇಲೆ ಕಲ್ಲು. ಒರಳಿನ ತಲೆಯ ಮೇಲೆ ರಸಮಟ್ಟ ಇಟ್ಟು ಎರಡು ದಿಕ್ಕಿಗೂ ನೋಡಿ. ಮಟ್ಟ ತಪ್ಪಿದ್ದರೆ ನೀರೆಲ್ಲ ಒಂದೇ ಮೂಲೆಯಿಂದ ಧಾರೆ ಕಟ್ಟಿ ಶೀಟಿನ ಆಚೆ ಸಿಡಿಯುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಇದು ಆಗಿಯೇ ಆಗುತ್ತದೆ, ಕೆಳಗಿನ ಸಡಿಲ ಮಣ್ಣು ಕುಸಿದಿರುತ್ತದೆ. ಹಾರೆಯಿಂದ ಮೀಟಿ ಎತ್ತಿ ಚಪ್ಪಟೆ ಹೆಂಚಿನ ಚೂರು ಕೊಟ್ಟು, ಬೇಕಾದ ಕಡೆಗೆ ಕೂದಲೆಳೆಯಷ್ಟು ವಾಲಿಸಿ. ಬಕೆಟ್ಟಿನ ಕಡೆಗೇ ವಾಲಲಿ.

ಉಳಿದದ್ದು ಶೀಟು. ಇದರ ಅಂಚು ಸುತ್ತಲೂ ನೆಲಕ್ಕಿಂತ ಮೂರು ಬೆರಳು ಎದ್ದು ನಿಂತಿರಬೇಕು. ಚೆಂದ ಕಾಣಲೆಂದು ಅಂಚನ್ನು ಮಣ್ಣಿನಲ್ಲಿ ಮುಚ್ಚಿ ಮೇಲೆ ಹುಲ್ಲು ಬೆಳೆಸಿದರೆ, ಆ ಮಣ್ಣೂ ಬೇರೂ ಬತ್ತಿಯ ಕೆಲಸ ಮಾಡಿ ಹಗಲೂ ರಾತ್ರಿ ನೀರು ಹೀರಿ ಹೊರಗೆ ಕೊಡುತ್ತವೆ. ತೊಟ್ಟು ಬೀಳುವುದು ಕಾಣದು, ಬಿಂದಿಗೆ ಮಾತ್ರ ಖಾಲಿ. ಪಾಚಿ ಅಂಚು ದಾಟಿ ಬೆಳೆದರೂ ಅದೇ ಕತೆ. ಅಂಚಿನ ಸುತ್ತ ಮಣ್ಣು ಬಿಡಿಸಿ ಎರಡಿಂಚು ಬರಿ ಜಲ್ಲಿ ತುಂಬಿ. ಶೀಟಿಗೆ ಕೊರೆದ ತೂತು ಬಕೆಟ್ಟಿನ ಬಾಯಿಗಿಂತ ಕಿರಿದಾಗಿದ್ದು, ಅಂಚು ಎರಡಿಂಚು ಒಳಗೆ ಇಳಿಬಿದ್ದಿರಬೇಕು. ಸರಿಸಮ ಕತ್ತರಿಸಿದ್ದರೆ ನೀರು ಬಕೆಟ್ಟಿನ ಹೊರಮೈಗೆ ಇಳಿಯುತ್ತದೆ. ಒರಳಿನ ಬುಡದಲ್ಲಿ ಶೀಟು ತೂತಾಗುವುದೂ ಉಂಟು. 80 ಕೆಜಿ ಕಲ್ಲಿನ ಕೆಳಗೆ ಒಂದು ಜಲ್ಲಿಚೂರು ಸಾಕು. ಮೊದಲೇ ಕೆಳಗೊಂದು, ಮೇಲೊಂದು ಹಳೆ ರಬ್ಬರ್ ಮ್ಯಾಟು ಹಾಕಿದ್ದರೆ ಈ ಕಷ್ಟವಿಲ್ಲ. ಗೋಣಿಚೀಲ ಹಾಕಿದ್ದರೆ ಅದಾಗಲೇ ಕೊಳೆತಿರುತ್ತದೆ. ಸಿಲ್ಪಾಲಿನ್ ಬದಲು ಜಾಹೀರಾತಿನ ಫ್ಲೆಕ್ಸು ಬಳಸಿದ್ದರೆ ಬಿಸಿಲು ತಾಕಿದ ಮಡಿಕೆಗಳಲ್ಲಿ ಸೀಳಿದೆಯೇ ನೋಡಿ. ಫ್ಲೆಕ್ಸು ಬಿಸಿಲಿಗೆ ಬಾಳುವ ವಸ್ತುವಲ್ಲ.

ಒರಳೇ ಬಿರುಕು ಬಿಟ್ಟಿದ್ದರೆ

ಗ್ರಾನೈಟಿನ ಕೂದಲುಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ. ಗುಂಡಿ ಖಾಲಿ ಮಾಡಿ, ಕಲ್ಲನ್ನು ಎರಡು ದಿನ ಬಿಸಿಲಿಗೆ ಒಣಗಿಸಿ, ಹೊರಮೈಗೆ ಒಲೆ ಬೂದಿಯನ್ನು ತೆಳ್ಳಗೆ ಸವರಿ. ಈಗ ಗುಂಡಿಗೆ ನೀರು ತುಂಬಿ ಕಾಯಿರಿ. ಬಿರುಕಿದ್ದ ಕಡೆ ಬಿಳಿ ಬೂದಿಯ ಮೇಲೆ ಸಣ್ಣ ಕಪ್ಪು ಗೆರೆ ಮೂಡಿ, ನಿಧಾನಕ್ಕೆ ಕೆಳಗೆ ಬೆಳೆಯುತ್ತಾ ಹೋಗುತ್ತದೆ. ಗೆರೆ ಶುರುವಾದ ತುದಿಯನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ, ಬೂದಿ ಪೂರಾ ಒದ್ದೆಯಾದ ಮೇಲೆ ಗೊತ್ತಾಗುವುದಿಲ್ಲ.

ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದನ್ನೂ ಕೇಳಿ. ಗಟ್ಟಿ ಕಲ್ಲು ಟಣ್ ಎನ್ನುತ್ತದೆ. ಬಿರುಕು ಆಳಕ್ಕಿಳಿದಿದ್ದರೆ ದಪ್ ಎಂದು ಸತ್ತ ಸದ್ದು.

ಮುಚ್ಚುವುದು ಒಳಗಿನಿಂದ; ಹೊರಗಿನಿಂದ ಮೆತ್ತಿದ್ದನ್ನು ನೀರು ತಳ್ಳಿ ಎಬ್ಬಿಸುತ್ತದೆ. ಬಿರುಕಿನ ಗುಂಟ ತಂತಿ ಬ್ರಷ್ಷಿನಿಂದ ಉಜ್ಜಿ, ಮತ್ತೆ ಒಣಗಿಸಿ, ಅರಾಲ್ಡೈಟಿನ ಎರಡು ಟ್ಯೂಬನ್ನು ಸಮಪಾಲು ಬೆರೆಸಿ ಸವರಿ. ಕಲ್ಲು ಬಿಸಿಲಿಗೆ ಬೆಚ್ಚಗಿದ್ದಾಗ ಸವರಿದರೆ ಅಂಟು ತೆಳುವಾಗಿ ಬಿರುಕಿನೊಳಕ್ಕೆ ಇಳಿಯುತ್ತದೆ. ಕಲ್ಲಿನ ಪುಡಿಯನ್ನೇ ಮೇಲೆ ಉದುರಿಸಿದರೆ ತೇಪೆ ಕಾಣುವುದಿಲ್ಲ. ಒಂದು ಪೂರ್ತಿ ದಿನ ನೀರು ಸೋಕಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಕಡೆ ಈ ಕೆಲಸಕ್ಕೆ ಕೈಹಾಕುವುದೇ ದಂಡ. ಕಲ್ಲು ಒಣಗುವುದಿಲ್ಲ, ಅಂಟು ಹಿಡಿಯುವುದಿಲ್ಲ. ಒರಳು ತೊಳೆಯಲು ಕುದಿಯುವ ನೀರು ಸುರಿಯುವ ಅಭ್ಯಾಸವಿದ್ದರೆ ಬಿಡಿ, ಕಣ್ಣಿಗೆ ಕಾಣದ ಬಿರುಕು ಅದರಿಂದಲೇ ಬಾಯಿ ಬಿಡುತ್ತದೆ.

ದಂಬೆ ಬೇಡ, ನೀರು ಗುಂಡಿಯ ತಳದಿಂದಲೇ ಉಕ್ಕಲಿ ಎಂದು ತೂತು ಕೊರೆದವರಿಗೆ ಒಂದು ಮಾತು. ತಲೆಮಾರುಗಳ ಕಾಲ ರುಬ್ಬಿದ ಒರಳಿನ ತಳ ಸವೆದು ಎರಡು ಬೆರಳಿನಷ್ಟೇ ಉಳಿದಿರಬಹುದು. ಒಳ ಆಳವನ್ನೂ ಹೊರ ಎತ್ತರವನ್ನೂ ಅಳೆದು ಕಳೆದು ನೋಡದೆ ಕೊರೆಯಬೇಡಿ. ವಜ್ರದ ಕೋರ್ ಬಿಟ್ ಹಾಕಿ, ನೀರು ಸುರಿಯುತ್ತಾ, ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಕೊರೆಯಿರಿ. ಹ್ಯಾಮರಿನಲ್ಲಿ ಕೊರೆದದ್ದು ತಳದ ಹೊರಮೈಯಲ್ಲಿ ತಟ್ಟೆಯಗಲ ಚಕ್ಕೆ ಹಾರಿಸುತ್ತದೆ, ಆಮೇಲೆ ಯಾವ ವಾಷರೂ ಕೂರದು. ನಿಮ್ಮದು ಬಳಪದ ಕಲ್ಲಿನ ಮರಿಗೆಯಾದರೆ, ಎಂದರೆ ಬೇಲೂರು–ಹಳೇಬೀಡಿನ ದೇವಸ್ಥಾನಗಳ ಜಾತಿಯ ಮೆದು ಕಲ್ಲಾದರೆ, ಮಾಮೂಲಿ ಬಿಟ್ಟಿಗೇ ತೂತಾಗುತ್ತದೆ; ಆದರೆ ತಂತಿ ಬ್ರಷ್ಷು ತಾಗಿಸಿದರೆ ಗೀರು ಉಳಿದುಹೋಗುತ್ತದೆ. ಆ ಕಡೆ ಹೊಲಗದ್ದೆಯಲ್ಲಿ ಸಿಗುವ ಕೆತ್ತನೆಯ ತುಂಡು, ವೀರಗಲ್ಲು, ಮಾಸ್ತಿಕಲ್ಲನ್ನು ಮಾತ್ರ ತೋಟದ ಅಲಂಕಾರಕ್ಕೆ ಎತ್ತಿ ತರಬೇಡಿ. ನೂರು ವರ್ಷ ದಾಟಿದ ಶಿಲ್ಪಕ್ಕೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಇದೆ. ಗುಜರಿ ಲೆಕ್ಕಕ್ಕೆ ಅವು ಬರುವುದಿಲ್ಲ.

ವಾಸನೆ, ನೊರೆ, ಬಣ್ಣ, ಪಾಚಿ

ಮೊದಲ ವಾರದಲ್ಲೇ ನೀರು ಚಹಾ ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಬಂದರೆ ಬಿದಿರು ಹಸಿಯದು. ಪಿಷ್ಟ ನೀರಿಗಿಳಿದು ಹುಳಿಯುತ್ತಿದೆ. ದಂಬೆ ಬಿಚ್ಚಿ, ಗಿಣ್ಣು ಒಡೆದು, ಕೆರೆ ಅಥವಾ ತೊಟ್ಟಿಯ ನೀರಿನಲ್ಲಿ ಮೂರು ವಾರ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿ. ಅದೇ ಪಿಷ್ಟಕ್ಕೆ ಕುಟ್ಟೆ ಹುಳವೂ ಬರುತ್ತದೆ: ಕಂಬದ ಬುಡದಲ್ಲಿ ಹಳದಿ ಹಿಟ್ಟು ಉದುರಿದ್ದರೆ ಅದೇ. ಮುಳ್ಳುಬಿದಿರು ದಪ್ಪ, ಬಾಳಿಕೆ ಜಾಸ್ತಿ. ವಾಟೆ ತೆಳುಮೈಯದು, ಕೊರೆಯಲು ಸುಲಭ, ಸೀಳುವುದೂ ಅಷ್ಟೇ ಬೇಗ. ಹಗಲು ಒಣಗಿ ರಾತ್ರಿ ನೆನೆಯುವ ಬಾಯಿ ತುದಿಗೆ ತಾಮ್ರದ ತಂತಿ ಹತ್ತು ಸುತ್ತು ಬಿಗಿದಿರಲಿ.

ನೊರೆ ಬಂದರೆ ಸೋಪು: ಒರಳನ್ನೋ ಬಕೆಟ್ಟನ್ನೋ ಪುಡಿ ಹಾಕಿ ತೊಳೆದು ಸರಿಯಾಗಿ ಜಾಲಿಸಿಲ್ಲ. ಒರಳಿಗೆ ಬೂದಿ ಮತ್ತು ತೆಂಗಿನ ನಾರು ಸಾಕು. ಬಿಳಿ ಕೆನೆ ಕಟ್ಟಿದರೆ ಹೊಸ ಸಿಮೆಂಟಿನ ಸುಣ್ಣ. ನಾಲ್ಕೈದು ಸಲ ನೀರು ಬದಲಿಸಿದರೆ ನಿಲ್ಲುತ್ತದೆ, ಅಲ್ಲಿಯವರೆಗೆ ಮೀನು ಬಿಡಬೇಡಿ.

ಬಕೆಟ್ಟಿನ ಬದಲು ಎಸ್ಟೇಟಿನ ಹಳೆ ಡ್ರಮ್ಮು ಹೂತಿದ್ದರೆ ಅದು ಹಿಂದೆ ಏನು ಹೊತ್ತಿತ್ತು ಎಂದು ವಿಚಾರಿಸಲೇಬೇಕು. ಕಳೆನಾಶಕ, ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ಹಕ್ಕಿ ಕುಡಿಯುವ ನೀರಿಗೆ ಇಡುವ ಹಾಗಿಲ್ಲ. ಗೋಡೆಯಲ್ಲಿ ನೀಲಿ ಕಲೆ ಇದ್ದರೆ ಬೋರ್ಡೋ ದ್ರಾವಣದ (ತಾಮ್ರದ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಔಷಧಿ) ಡ್ರಮ್ಮು. ಆ ತಾಮ್ರ ಮೀನಿಗೂ ಕಪ್ಪೆಮರಿಗೂ ವಿಷ. ಇದಕ್ಕೆ ರಿಪೇರಿ ಇಲ್ಲ, ಬದಲಿಸಿ.

ಪಾಚಿಗೆ ಕಾರಣ ಬಿಸಿಲು. ಮಧ್ಯಾಹ್ನದ ಬಿಸಿಲು ಬೀಳದ ಕಡೆಗೆ ಜರುಗಿಸಿ, ತಿಂಗಳಿಗೊಮ್ಮೆ ನಾರಿನಿಂದ ಉಜ್ಜಿ. ಎಸ್ಟೇಟು ಮನೆಗಳಲ್ಲಿ ಮೈಲುತುತ್ತ ಕೈಗೆ ಸಿಗುತ್ತದೆ, ಚಿಟಿಕೆ ಹಾಕಿದರೆ ಪಾಚಿ ಸಾಯುವುದೂ ನಿಜ. ಉಳಿದದ್ದೂ ಸಾಯುತ್ತದೆ, ಹಾಕಬೇಡಿ.

ಸದ್ದು ಮತ್ತು ಉಕ್ಕಿ ಹರಿಯುವುದು

ಗುಂಯ್ ಎಂಬ ಸದ್ದು ಪಂಪಿನದಾದರೂ ಅದನ್ನು ದೊಡ್ಡದು ಮಾಡುವುದು ಟೊಳ್ಳು ಬಿದಿರು. ಪೈಪು ಬಿದಿರಿಗೆ ತಾಗುವಲ್ಲಿ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಪಂಪಿನ ಅಡಿಗೂ ಒಂದು ತುಂಡು ಕೊಡಿ.

ಕರೆಂಟು ಹೋದಾಗ ಬಕೆಟ್ಟು ಉಕ್ಕಿ, ಒರಳು ಖಾಲಿಯಾಗಿರುತ್ತದೆ ಎಂಬ ದೂರು ಬಂದರೆ, ಯಾರೋ ನೀರು ಬೀಳುವ ಸದ್ದು ತಗ್ಗಿಸಲು ಪೈಪಿನ ತುದಿಯನ್ನು ಗುಂಡಿಯ ನೀರಿನೊಳಗೆ ಇಳಿಬಿಟ್ಟಿದ್ದಾರೆ. ಪಂಪು ನಿಂತ ಕೂಡಲೇ ಆ ಪೈಪೇ ಗುಂಡಿಯ ನೀರನ್ನೆಲ್ಲ ವಾಪಸು ಎಳೆಯುತ್ತದೆ. ತುದಿಯನ್ನು ನೀರಿನಿಂದ ಮೇಲೆತ್ತಿ.

ಶಾಕ್ ಹೊಡೆಯುತ್ತದೆ ಎಂದರೆ

12 ವೋಲ್ಟಿನ ಜೋಡಣೆಯಲ್ಲಿ ನೀರು ಮುಟ್ಟಿದಾಗ ಜುಮ್ಮೆಂದರೆ ಅಡಾಪ್ಟರಿನ ಒಳಗಿನ ತಡೆ ಕೆಟ್ಟಿರಬಹುದು. ಆ ಕ್ಷಣವೇ ಗೋಡೆಯಿಂದ ಕಿತ್ತು ಬಿಸಾಡಿ. ಪರೀಕ್ಷೆ, ರಿಪೇರಿ ಏನೂ ಬೇಡ. 230 ವೋಲ್ಟಿನ ಪಂಪಾದರೆ ಪಂಪನ್ನೂ ಸೇರಿಸಿ ಬಿಸಾಡಿ, ಮುಂದೆ ಅಂಥದ್ದು ಬೇಕೇ ಬೇಕಿದ್ದರೆ ಆ ಸಾಲಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಸಾಲು ಕಡಿಯುವ ಸ್ವಿಚ್ಚು) ಹಾಕಿಸಿಕೊಳ್ಳದೆ ಚಾಲೂ ಮಾಡಬೇಡಿ. ಆರ್‌ಸಿಸಿಬಿ ಬೀಳುತ್ತಲೇ ಇದೆ ಎಂದು ಅದನ್ನೇ ತಪ್ಪಿಸಿ ನೇರ ಕೊಡುವವರಿದ್ದಾರೆ. ಅದು ಬೀಳುತ್ತಿರುವುದೇ ನೀರಿಗೆ ಕರೆಂಟು ಇಳಿಯುತ್ತಿದೆ ಎಂದು.

ಮಳೆಗಾಲದಲ್ಲಿ

ಜೋರು ಮಳೆ ಬೀಳುವ ಕಡೆ ಜೂನ್‌ನಲ್ಲಿ ಪಂಪು ತೆಗೆದು, ತೊಳೆದು, ಒಣಗಿಸಿ ಒಳಗಿಡುವುದು ವಾಸಿ. ಆದರೆ ಬಕೆಟ್ಟನ್ನು ಖಾಲಿ ಮಾಡಬೇಡಿ. ನೆಲ ನೀರು ಕುಡಿದು ತುಂಬಿದಾಗ ಖಾಲಿ 20 ಲೀಟರಿನ ಬಕೆಟ್ಟನ್ನು ಕೆಳಗಿನ ನೀರು 20 ಕೆಜಿ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಶೀಟು, ಕಲ್ಲು ಎಲ್ಲವನ್ನೂ ಎತ್ತಿಕೊಂಡು ಬಕೆಟ್ಟು ಎದ್ದು ಕೂರುತ್ತದೆ. ಬಾಯಿವರೆಗೆ ನೀರು ತುಂಬಿ, ಅದರದೇ ಮುಚ್ಚಳ ಒತ್ತಿ ಮುಚ್ಚಿ, ಮೇಲೊಂದು ಹೆಂಚು ಹೇರಿ. ಮುಚ್ಚಳ ಕಳೆದುಹೋಗಿದ್ದರೆ ಸೊಳ್ಳೆ ಪರದೆಯ ತುಂಡು ಕಟ್ಟಿ. ಒರಳಿನ ಗುಂಡಿಯ ನೀರನ್ನು ಮಾತ್ರ ವಾರಕ್ಕೊಮ್ಮೆ ಚೆಲ್ಲಿ ಉಜ್ಜಬೇಕು, ಇಲ್ಲವೇ ಕವುಚಿದ ಬಾಣಲೆಯನ್ನೋ ಹಳೆ ತಟ್ಟೆಯನ್ನೋ ಮುಚ್ಚಿಡಬೇಕು. ಡೆಂಗಿ ಸೊಳ್ಳೆಯ ಮೊಟ್ಟೆ ಮರಿಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ವರ್ಷವಿಡೀ ಓಡಿಸುವವರು ಬಕೆಟ್ಟಿಗೆ ನಾಲ್ಕು ಗಪ್ಪಿ ಮೀನು ಬಿಡಬಹುದು. ಪಂಪಿನ ಸುತ್ತ ಬಲೆ ಇದ್ದರೆ ಅವನ್ನು ಪಂಪು ಒಳಗೆ ಎಳೆದುಕೊಳ್ಳುವುದಿಲ್ಲ.

ಮಳೆ ನಿಂತ ಮೇಲೆ ಮತ್ತೆ ಚಾಲೂ ಮಾಡುವಾಗ ಬಕೆಟ್ಟಿನ ತಳದ ಕೆಸರು ತೆಗೆದು, ರಸಮಟ್ಟ ಇಟ್ಟು, ಲೀಟರ್ ಪರೀಕ್ಷೆ ಮಾಡಿ, ಮುಚ್ಚಳದ ಒಳಗಿನ ಸಂಖ್ಯೆಗೆ ಹೋಲಿಸಿ. ಕೋತಿ ಕಾಟದ ಊರಾದರೆ ದಂಬೆಯನ್ನು ಕಂಬಕ್ಕೆ ಮೊಳೆ ಹೊಡೆದು ಕೂರಿಸದೆ, ತಂತಿಯಿಂದ ಬಿಗಿಯಿರಿ: ಜಗ್ಗಿದರೆ ತಿರುಗುತ್ತದೆ, ಮುರಿಯುವುದಿಲ್ಲ.

ಒರಳಿನ ಬಿರುಕಿಗೆ ಎರಡು ಸಲ ಅಂಟು ಹಾಕಿಯೂ ಬೂದಿಯ ಮೇಲೆ ಗೆರೆ ಮೂಡುತ್ತಿದ್ದರೆ ಮೂರನೆಯ ಸಲ ಬೇಡ. ಪಂಪು, ಪೈಪು, ಅಡಾಪ್ಟರ್ ತೆಗೆದು ಇನ್ನೊಂದು ಒರಳಿಗೆ ಇಟ್ಟುಕೊಳ್ಳಿ. ಸೋರುವ ಗುಂಡಿಗೆ ಹೆಂಚಿನ ಚೂರು ಹಾಸಿ, ಮರಳು ಬೆರೆಸಿದ ಮಣ್ಣು ತುಂಬಿ, ಬ್ರಾಹ್ಮಿಯನ್ನೋ ಒಂದೆಲಗವನ್ನೋ ನೆಟ್ಟರೆ ಆ ಬಿರುಕೇ ನೀರು ಬಸಿಯುವ ದಾರಿಯಾಗುತ್ತದೆ.